ಕಾಂಡರ್ ಸಾಯುತ್ತಿರುವುದು ಗುಂಡೇಟಿನಿಂದಲ್ಲ, ಗುಂಡಿನೊಳಗಿನ ಸೀಸದಿಂದ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಪುರವಣಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡರ್ ರಣಹದ್ದುಗಳ ಬಗ್ಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. 1982ರಲ್ಲಿ ಇಡೀ ಜಗತ್ತಿನಲ್ಲಿ ಕೇವಲ 22 ಉಳಿದಿದ್ದ ಈ ಹಕ್ಕಿಗಳಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ 1987ರಲ್ಲಿ ಹಿಡಿದು, ಮೃಗಾಲಯಗಳಲ್ಲಿ ಮರಿ ಮಾಡಿಸಿ, 1992ರಿಂದ ಮತ್ತೆ ಬೆಟ್ಟಗುಡ್ಡಗಳಿಗೆ ಬಿಟ್ಟ ಕಥೆಯನ್ನು ಲೇಖಕರು ಸೊಗಸಾಗಿ ಹೇಳಿದ್ದಾರೆ. ಆದರೆ ಅವುಗಳ ಸಾವಿಗೆ ಬೇಟೆಗಾರರು ಕಾರಣರೆಂದು ಒಂದೇ ಮಾತಿನಲ್ಲಿ ಮುಗಿಸಿರುವುದರಿಂದ, ಯಾರೋ ಕೋವಿ ಹಿಡಿದು ಕಾಂಡರ್‌ಗಳಿಗೆ ಈಡು ಹೊಡೆಯುತ್ತಿದ್ದಾರೆ ಎಂಬ ಭಾವನೆ ಓದುಗರಲ್ಲಿ ಮೂಡುತ್ತದೆ. ಅಂಥ ಪ್ರಕರಣಗಳು ಇಲ್ಲವೇ ಇಲ್ಲವೆಂದಲ್ಲ, ಆದರೆ ಮುಖ್ಯ ಕಾರಣ ಅದಲ್ಲ. ಜಿಂಕೆಗೆ ಹೊಡೆದ ಗುಂಡು ಅದರ ಮೈಯೊಳಗೆ ಒಡೆದು ಚೂರಾಗುತ್ತದೆ. ಆ ಚೂರುಗಳಿರುವ ಮಾಂಸವನ್ನೋ ಕರುಳನ್ನೋ ತಿಂದ ಕಾಂಡರ್ ಸೀಸದ ವಿಷವೇರಿ ಸಾಯುತ್ತದೆ. ಕಾಡಿನಲ್ಲಿ ಬದುಕುತ್ತಿರುವ ಕಾಂಡರ್‌ಗಳ ಸಾವಿಗೆ ಗೊತ್ತಾಗಿರುವ ಕಾರಣಗಳಲ್ಲಿ ಮೊದಲ ಸ್ಥಾನ ಇದಕ್ಕೇ. ಬೇಟೆಯನ್ನು ನಿಲ್ಲಿಸದೆಯೂ ಪರಿಹರಿಸಬಹುದಾದ ತೊಂದರೆ ಇದು ಎಂಬುದನ್ನು ತಮ್ಮ ಓದುಗರಿಗೆ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ಸಕಲೇಶಪುರದ ಕಡೆಯವನು, ಬಹಳ ವರ್ಷಗಳಿಂದ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ನೆಲೆಸಿದ್ದೇನೆ. ಇಲ್ಲಿ ನವೆಂಬರ್ ತಿಂಗಳಲ್ಲಿ ಪರವಾನಗಿ ಪಡೆದು ಬಿಳಿಬಾಲದ ಜಿಂಕೆಯ ಬೇಟೆಗೆ ಹೋಗುವುದು ಕಾನೂನಿಗೆ ಒಳಪಟ್ಟ, ಸಾಮಾನ್ಯ ಕುಟುಂಬಗಳ ರೂಢಿ. ನಾನೂ ಹೋಗುತ್ತೇನೆ, ಸಿಕ್ಕ ಮಿಕದ ಮಾಂಸ ನಮ್ಮ ಮನೆಯಲ್ಲೇ ಅಡುಗೆಯಾಗುತ್ತದೆ, ಮತ್ತು ರೈಫಲ್ಲಿಗೆ ಬೇಕಾದ ತೋಟಾಗಳನ್ನು ಅಂಗಡಿಯಿಂದ ಕೊಳ್ಳುವ ಬದಲು ಮನೆಯಲ್ಲಿ ಕೈಯಾರೆ ತುಂಬಿಕೊಳ್ಳುತ್ತೇನೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿರುವುದು ಸರಿಯೆಂದೇ ನನ್ನ ನಂಬಿಕೆ. ಆ ನಿಷೇಧವನ್ನು ಸಡಿಲಿಸಬೇಕೆಂದು ಈ ಪತ್ರದ ಯಾವ ಮಾತೂ ಹೇಳುವುದಿಲ್ಲ.

ಮೊದಲು ಗುಂಡು ಮಾಡುವ ಕೆಲಸವನ್ನು ಸ್ಪಷ್ಟವಾಗಿ ನೋಡಬೇಕು. ಸೈನ್ಯದಲ್ಲಿ ಬಳಸುವ, ಮೂತಿಯವರೆಗೂ ಗಟ್ಟಿ ಲೋಹದ ಹೊದಿಕೆಯಿರುವ ಗುಂಡು ಜಿಂಕೆಯ ಎದೆಗೂಡನ್ನು ಒಂದು ಬದಿಯಿಂದ ಹೊಕ್ಕು, ಸಣ್ಣ ತೂತು ಮಾಡಿ ಇನ್ನೊಂದು ಬದಿಯಿಂದ ಹೊರಟುಹೋಗಬಹುದು. ಆಗ ರಕ್ತ ಬೇಗ ಬಸಿಯುವುದಿಲ್ಲ. ಪ್ರಾಣಿ ಬಹುದೂರ ಓಡಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಇದನ್ನು ತಪ್ಪಿಸಲೆಂದೇ ಬೇಟೆಯ ಗುಂಡಿನ ಮೂತಿಯನ್ನು ಮೆದುವಾಗಿಡುತ್ತಾರೆ. ಮೈಗೆ ತಾಗಿದ ಕ್ಷಣದಲ್ಲಿ ಮಾಂಸ ಮತ್ತು ರಕ್ತದ ಒತ್ತಡಕ್ಕೆ ಆ ಮೂತಿ ಅಣಬೆಯಂತೆ ಅರಳಿ, ಗುಂಡಿನ ಅಡ್ಡಗಲ ಒಂದೂವರೆಯಿಂದ ಎರಡು ಪಟ್ಟು ಹಿಗ್ಗುತ್ತದೆ. ಹಾಗೆ ಅರಳಿದ ಗುಂಡು ಶ್ವಾಸಕೋಶವನ್ನೋ ಹೃದಯವನ್ನೋ ಹಾದುಹೋದರೆ ಪ್ರಾಣಿ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಕಳೆದುಕೊಳ್ಳುತ್ತದೆ. ಇಂಥ ಗುಂಡಿನ ಇತಿಹಾಸದಲ್ಲಿ ನಮ್ಮ ದೇಶದ ಹೆಸರೂ ಇದೆ. 1890ರ ದಶಕದಲ್ಲಿ ಕಲ್ಕತ್ತೆಯ ಸಮೀಪದ ಡಂಡಂ ಶಸ್ತ್ರಾಗಾರದಲ್ಲಿ ಬ್ರಿಟಿಷರು .303 ರೈಫಲ್ಲಿಗಾಗಿ ಮೂತಿಯಲ್ಲಿ ಸೀಸ ಕಾಣುವಂಥ ಗುಂಡನ್ನು ತಯಾರಿಸಿದರು. ಅದು ಮಾಡುವ ಗಾಯದ ಭೀಕರತೆಯನ್ನು ಕಂಡು 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಅರಳುವ ಗುಂಡುಗಳನ್ನು ನಿಷೇಧಿಸಿತು. ಯುದ್ಧದಲ್ಲಿ ಕ್ರೌರ್ಯವೆನಿಸಿಕೊಂಡ ಆ ಗುಣವೇ ಬೇಟೆಯಲ್ಲಿ ಪ್ರಾಣಿಯ ಯಾತನೆಯನ್ನು ಕಡಿಮೆ ಮಾಡುತ್ತದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಜಿಂಕೆಯ ಬೇಟೆಗೆ ಅರಳುವ ಗುಂಡನ್ನೇ ಬಳಸಬೇಕೆಂಬ ನಿಯಮವಿರುವುದು ಈ ಕಾರಣಕ್ಕೆ.

ಅರಳುವ ಗುಂಡನ್ನು ನೂರಕ್ಕೂ ಹೆಚ್ಚು ವರ್ಷಗಳಿಂದ ಬಹುಮಟ್ಟಿಗೆ ಒಂದೇ ಬಗೆಯಲ್ಲಿ ಮಾಡುತ್ತ ಬಂದಿದ್ದಾರೆ. ಒಳಗೆ ಸೀಸದ ತಿರುಳು, ಹೊರಗೆ ತಾಮ್ರಕ್ಕೆ ಸ್ವಲ್ಪ ಸತು ಬೆರೆಸಿದ ತೆಳುವಾದ ಹೊದಿಕೆ, ತುದಿಯಲ್ಲಿ ಬರಿಯ ಸೀಸ ಇಲ್ಲವೇ ಪ್ಲಾಸ್ಟಿಕ್ಕಿನ ಚೂಪು ಮೂತಿ. ಸೀಸ ಮೆದು, ಅಗ್ಗ, ತೂಕವುಳ್ಳದ್ದು, ಸುಲಭವಾಗಿ ಅರಳುತ್ತದೆ. ಅಷ್ಟೇ ಸುಲಭವಾಗಿ ಪುಡಿಯೂ ಆಗುತ್ತದೆ. ಬೇಟೆಗಾರರು ಇದನ್ನು ಬಹಳ ಹಿಂದೆಯೇ ಗಮನಿಸಿದ್ದರು, ಆದರೆ ಅವರ ಚಿಂತೆ ಬೇರೆಯಾಗಿತ್ತು. 1946ರಲ್ಲಿ ಜಾನ್ ನೋಸ್ಲರ್ ಎಂಬ ಅಮೆರಿಕದ ಬೇಟೆಗಾರ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ದೊಡ್ಡ ಕಡವೆಜಾತಿಯ ಪ್ರಾಣಿಗೆ ಗುಂಡು ಹೊಡೆದಾಗ, ಒಣಗಿದ ಕೆಸರು ಮೆತ್ತಿದ್ದ ಅದರ ಮೈಗೆ ತಾಗಿದ ಗುಂಡು ಮೇಲುಮೇಲೆಯೇ ಒಡೆದುಹೋಗಿ ಒಳಕ್ಕೆ ಇಳಿಯಲಿಲ್ಲ. ಆ ಅನುಭವದಿಂದ ಆತ ಗುಂಡಿನ ನಡುವೆ ತಾಮ್ರದ ಅಡ್ಡಗೋಡೆಯಿಟ್ಟು, ಮುಂಭಾಗ ಅರಳಿದರೂ ಹಿಂಭಾಗ ಗಟ್ಟಿಯಾಗಿ ಉಳಿದು ಆಳಕ್ಕೆ ಇಳಿಯುವಂಥ ವಿನ್ಯಾಸವನ್ನು ರೂಪಿಸಿದ. ಮುಂದೆ ಸೀಸವನ್ನು ಹೊದಿಕೆಗೆ ಬೆಸೆದ ಗುಂಡುಗಳೂ ಬಂದವು. ಇವೆಲ್ಲ ಒಳ್ಳೆಯ ಸುಧಾರಣೆಗಳೇ. ಆದರೆ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಗುಂಡಿನ ತೂಕದಲ್ಲಿ ಎಷ್ಟು ಪಾಲು ಉಳಿಯಿತು? ನೂರಕ್ಕೆ ಎಪ್ಪತ್ತು ಉಳಿದರೆ ಗುಂಡು ಚೆನ್ನಾಗಿ ಕೆಲಸ ಮಾಡಿತೆಂದು ಮೆಚ್ಚುತ್ತಿದ್ದರು. ಉಳಿದ ಮೂವತ್ತು ಪಾಲು ಎಲ್ಲಿ ಹೋಯಿತು ಎಂದು ಕೇಳುವವರು ಬಹುಕಾಲ ಇರಲಿಲ್ಲ. 165 ಗ್ರೇನ್ ತೂಕದ ಗುಂಡು ಎಂದರೆ ಸುಮಾರು 10.7 ಗ್ರಾಂ, ಅದರಲ್ಲಿ ಮೂವತ್ತು ಪಾಲು ಎಂದರೆ ಮೂರು ಗ್ರಾಮಿಗೂ ಮಿಕ್ಕಿದ ಲೋಹ, ಬಹುಪಾಲು ಸೀಸ, ಪ್ರಾಣಿಯ ಮೈಯಲ್ಲಿ ಉಳಿದಿರುತ್ತದೆ.

ಆ ಲೋಹ ಗಾಯದ ಬಳಿಯೇ ನಿಂತಿದ್ದರೆ ಕತ್ತರಿಸಿ ಎಸೆಯಬಹುದಿತ್ತು. ಹಾಗೆ ನಿಲ್ಲುವುದಿಲ್ಲ ಎಂದು ತೋರಿಸಿದ್ದು ಎಕ್ಸ್‌ರೇ ಚಿತ್ರಗಳು. 2008ರಲ್ಲಿ ನಮ್ಮ ಮಿನ್ನೆಸೋಟ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಸತ್ತ ಕುರಿಗಳ ಮೇಲೆ ಬೇರೆಬೇರೆ ಬಗೆಯ ಗುಂಡುಗಳನ್ನು ಹಾರಿಸಿ ಪರೀಕ್ಷಿಸಿತು. ಬೇಗ ಅರಳುವಂತೆ ಮಾಡಿದ, ಪ್ಲಾಸ್ಟಿಕ್ ಮೂತಿಯ ಸೀಸದ ಗುಂಡು ಒಂದೊಂದು ಮೈಯಲ್ಲಿ ಸರಾಸರಿ 141 ಚೂರುಗಳನ್ನು ಬಿಟ್ಟಿತ್ತು. ಪೂರ್ತಿ ತಾಮ್ರದ ಗುಂಡು ಬಿಟ್ಟ ಚೂರುಗಳು ಬೆರಳೆಣಿಕೆಯಷ್ಟು ಮಾತ್ರ. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ವಯೋಮಿಂಗ್ ರಾಜ್ಯದಲ್ಲಿ ಬೇಟೆಯಾದ 30 ಜಿಂಕೆಗಳನ್ನು ಮಾಮೂಲಿನಂತೆ ಮಾಂಸ ಕತ್ತರಿಸಿಕೊಡುವ ಅಂಗಡಿಗಳಿಗೇ ಕೊಟ್ಟು, ಹಿಂದಿರುಗಿದ ಪೊಟ್ಟಣಗಳನ್ನು ಎಕ್ಸ್‌ರೇ ಮಾಡಲಾಯಿತು. 24 ಜಿಂಕೆಗಳ ಕೊಚ್ಚಿದ ಮಾಂಸದಲ್ಲಿ, ಕನಿಷ್ಠ ಒಂದೊಂದು ಪೊಟ್ಟಣದಲ್ಲಾದರೂ, ಲೋಹದ ಚೂರುಗಳು ಸಿಕ್ಕವು. ಕೆಲಸ ಕಲಿತ ಕಸಾಯಿಗಳು ಎಚ್ಚರದಿಂದ ಕತ್ತರಿಸಿದ ಮಾಂಸ ಅದು. ಚೂರುಗಳಿದ್ದ ಮಾಂಸವನ್ನು ಹಂದಿಗಳಿಗೆ ತಿನ್ನಿಸಿದಾಗ ಅವುಗಳ ರಕ್ತದಲ್ಲಿ ಸೀಸದ ಪ್ರಮಾಣ ಏರಿತು. ಅಂದರೆ ಚೂರುಗಳು ಸುಮ್ಮನೆ ಹೊಟ್ಟೆಯನ್ನು ದಾಟಿ ಹೊರಬೀಳುವುದಿಲ್ಲ, ಮೈಗೆ ಸೇರುತ್ತವೆ.

ಹಕ್ಕಿಗಳ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಬೇಟೆಗಾರರು ಜಿಂಕೆಯನ್ನು ಬಿದ್ದ ಜಾಗದಲ್ಲೇ ಹಸನು ಮಾಡಿ, ಕರುಳು, ಶ್ವಾಸಕೋಶ ಮೊದಲಾದವನ್ನು ಕಾಡಿನಲ್ಲೇ ಬಿಟ್ಟು ಬರುತ್ತಾರೆ. ಎದೆಯ ಮೂಲಕ ಹಾದ ಗುಂಡಿನ ಚೂರುಗಳು ಅತಿ ಹೆಚ್ಚು ಇರುವುದು ಅದೇ ರಾಶಿಯಲ್ಲಿ. ಹಿಮ ಬೀಳುವ ಹೊತ್ತಿಗೆ ಬೇರೆ ಆಹಾರ ಸಿಗದ ಹದ್ದುಗಳು ಮತ್ತು ಕಾಗೆಗಳು ಅದಕ್ಕೇ ಮುಗಿಬೀಳುತ್ತವೆ. ಮೂಳೆಯನ್ನೂ ಕರಗಿಸಬಲ್ಲ ಹದ್ದಿನ ಜಠರದ ಆಮ್ಲದಲ್ಲಿ ಸೀಸ ಬೇಗ ಕರಗಿ ರಕ್ತಕ್ಕೆ ಹೋಗುತ್ತದೆ. ಆಮೇಲೆ ಜೀರ್ಣಾಂಗಗಳ ಚಲನೆ ನಿಲ್ಲುತ್ತದೆ, ರೆಕ್ಕೆಗಳು ಜೋಲುತ್ತವೆ, ಹಕ್ಕಿ ಹೊಟ್ಟೆ ತುಂಬಿದ್ದರೂ ಹಸಿವಿನಿಂದ ಸಾಯುತ್ತದೆ. ಅಕ್ಕಿಕಾಳಿನಷ್ಟು ಸೀಸ ಒಂದು ದೊಡ್ಡ ಹದ್ದನ್ನು ಕೊಲ್ಲಲು ಸಾಕು. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ 38 ರಾಜ್ಯಗಳ 1,210 ಬಾಲ್ಡ್ ಈಗಲ್ ಮತ್ತು ಗೋಲ್ಡನ್ ಈಗಲ್ ಹದ್ದುಗಳನ್ನು ಪರೀಕ್ಷಿಸಿ, ಹೆಚ್ಚುಕಡಿಮೆ ಅರ್ಧದಷ್ಟು ಹಕ್ಕಿಗಳ ಮೂಳೆಗಳಲ್ಲಿ ದೀರ್ಘಕಾಲದ ಸೀಸವಿಷದ ಗುರುತನ್ನು ಕಂಡಿತು. ಅಮೆರಿಕದ ಲಾಂಛನದಲ್ಲಿರುವ ಹಕ್ಕಿಯ ಸ್ಥಿತಿಯೇ ಹೀಗಿರುವಾಗ, ಬೆರಳೆಣಿಕೆಯಿಂದ ಚೇತರಿಸಿಕೊಂಡು ಬಂದ, ಎರಡು ವರ್ಷಕ್ಕೊಂದು ಮೊಟ್ಟೆಯಿಡುವ ಕಾಂಡರ್ ಇದನ್ನು ತಡೆದುಕೊಳ್ಳುವುದು ಹೇಗೆ? ವಿಷವೇರಿದ ಕಾಂಡರ್‌ಗಳನ್ನು ಹಿಡಿದು, ರಕ್ತದಿಂದ ಸೀಸ ತೆಗೆಯುವ ಚಿಕಿತ್ಸೆ ಕೊಟ್ಟು ಮತ್ತೆ ಬಿಡುವ ಕೆಲಸ ಇಂದಿಗೂ ನಡೆದಿದೆ. ಅದು ನಿಂತರೆ ಹಕ್ಕಿಗಳ ಸಂಖ್ಯೆ ಕುಸಿಯುತ್ತದೆ.

ಪರಿಹಾರ ಈಗಾಗಲೇ ಅಂಗಡಿಗಳಲ್ಲಿದೆ. ಒಳಗೂ ಹೊರಗೂ ತಾಮ್ರವೇ ಆಗಿರುವ, ಮೂತಿಯಲ್ಲಿ ಸಣ್ಣ ಕುಳಿಯಿರುವ ಗುಂಡುಗಳು 1980ರ ದಶಕದ ಕೊನೆಯಲ್ಲಿಯೇ ಮಾರುಕಟ್ಟೆಗೆ ಬಂದವು. ಅವು ರೂಪುಗೊಂಡಿದ್ದು ಹಕ್ಕಿಗಳ ರಕ್ಷಣೆಗಾಗಿ ಅಲ್ಲ. ದೊಡ್ಡ ಪ್ರಾಣಿಗಳಲ್ಲಿ ಗುಂಡು ಒಡೆಯದೆ ಆಳಕ್ಕೆ ಇಳಿಯಲಿ ಎಂದು. ಮೈಗೆ ತಾಗಿದಾಗ ಕುಳಿಯೊಳಗೆ ನುಗ್ಗಿದ ದ್ರವದ ಒತ್ತಡಕ್ಕೆ ಮೂತಿ ನಾಲ್ಕು ಅಥವಾ ಆರು ಎಸಳುಗಳಾಗಿ ಹಿಂದಕ್ಕೆ ಬಾಗುತ್ತದೆ, ತೂಕವೆಲ್ಲ ಬಹುಪಾಲು ಹಾಗೆಯೇ ಉಳಿಯುತ್ತದೆ. ಎಸಳೊಂದು ಮುರಿದರೂ ಅದು ತಾಮ್ರದ ಒಂದು ದೊಡ್ಡ ತುಂಡು, ಸೀಸದ ಧೂಳಲ್ಲ.

ಆದರೂ ಬಹಳ ಬೇಟೆಗಾರರು ತಾಮ್ರವನ್ನು ದೂರುತ್ತಾರೆ. ಗುರಿ ಸರಿಯಾಗಿ ಕೂರುವುದಿಲ್ಲ, ಅರಳದೆ ಹಾದುಹೋಗುತ್ತದೆ, ಜಿಂಕೆ ಓಡಿಹೋಗುತ್ತದೆ ಎನ್ನುತ್ತಾರೆ. ಈ ದೂರುಗಳನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಸೀಸಕ್ಕೆ ಒಗ್ಗಿದ ಲೆಕ್ಕದಲ್ಲೇ ತಾಮ್ರವನ್ನು ಬಳಸಿದರೆ ಇವೆಲ್ಲವೂ ನಡೆಯಬಹುದು. ತೋಟಾ ತುಂಬುವ ಮೇಜಿನ ಮುಂದೆ ಕುಳಿತವರಿಗೆ ಕಾರಣ ಬೇಗ ತಿಳಿಯುತ್ತದೆ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ತಾಮ್ರದ್ದು 8.96. ಒಂದೇ ತೂಕದ, ಒಂದೇ ಅಡ್ಡಗಲದ ತಾಮ್ರದ ಗುಂಡು ಸೀಸದ ಗುಂಡಿಗಿಂತ ಉದ್ದವಾಗಿರಲೇಬೇಕು. ಉದ್ದವಾದ ಗುಂಡು ಗಾಳಿಯಲ್ಲಿ ತೂರಾಡದೆ ನೆಟ್ಟಗೆ ಹೋಗಬೇಕಾದರೆ ನಳಿಗೆಯೊಳಗಿನ ತಿರುವುಗೆರೆಗಳು ಅದನ್ನು ಇನ್ನಷ್ಟು ವೇಗವಾಗಿ ಸುತ್ತಿಸಬೇಕು. ನಳಿಗೆಯ ತಿರುವನ್ನು ಬದಲಿಸಲಾಗದು; ಆದ್ದರಿಂದ ಗುಂಡಿನ ತೂಕವನ್ನು ಒಂದು ಮೆಟ್ಟಿಲು ಇಳಿಸಬೇಕು. .30-06 ಎಂಬ ಅಳತೆಯ ತೋಟಾ ಬಳಸುವ ರೈಫಲ್ಲಿನಲ್ಲಿ 180 ಗ್ರೇನಿನ ಸೀಸದ ಗುಂಡು ಬಳಸುತ್ತಿದ್ದವರು 150 ಅಥವಾ 165 ಗ್ರೇನಿನ ತಾಮ್ರಕ್ಕೆ ಬಂದರೆ ಗುರಿಯೂ ಕೂರುತ್ತದೆ, ವೇಗವೂ ಏರುತ್ತದೆ. ತೂಕ ಕಡಿಮೆಯಾಯಿತೆಂದು ಹೆದರುವ ಅಗತ್ಯವಿಲ್ಲ. ಸೀಸದ ಗುಂಡು ದಾರಿಯಲ್ಲಿ ಕಳೆದುಕೊಳ್ಳುವ ತೂಕವನ್ನು ಲೆಕ್ಕ ಹಾಕಿದರೆ, ಗಾಯದ ಕೊನೆಯನ್ನು ಮುಟ್ಟುವ ಹೊತ್ತಿಗೆ ಹಗುರವಾದ ತಾಮ್ರದ ಗುಂಡೇ ಹೆಚ್ಚು ತೂಗುತ್ತಿರುತ್ತದೆ.

ವೇಗ ಇಲ್ಲಿ ಮುಖ್ಯ. ಮೆದು ಸೀಸ ಕಡಿಮೆ ವೇಗದಲ್ಲೂ ಅರಳುತ್ತದೆ. ತಾಮ್ರ ಗಟ್ಟಿ ಲೋಹವಾದ್ದರಿಂದ ತಾಗುವ ಕ್ಷಣದಲ್ಲಿ ಸೆಕೆಂಡಿಗೆ ಸುಮಾರು 600 ಮೀಟರ್ ವೇಗವಾದರೂ ಇರಬೇಕೆಂದು ಇಟ್ಟುಕೊಳ್ಳುವುದು ಕ್ಷೇಮ. .30-06ರಲ್ಲಿ 150 ಗ್ರೇನಿನ ಗುಂಡು ನಳಿಗೆಯಿಂದ ಸುಮಾರು 880 ಮೀಟರ್ ವೇಗದಲ್ಲಿ ಹೊರಡುತ್ತದೆ, ಮೂರು ನೂರು ಮೀಟರ್ ದೂರದಲ್ಲೂ ಈ ಮಿತಿಗಿಂತ ಮೇಲೆಯೇ ಇರುತ್ತದೆ. ನಮ್ಮ ಉತ್ತರದ ದಟ್ಟ ಕಾಡುಗಳಲ್ಲಿ ನೂರು ಮೀಟರಿಗಿಂತ ದೂರದ ಈಡೇ ಅಪರೂಪ. ಹೊಡೆಯುವ ಜಾಗವನ್ನೂ ಸ್ವಲ್ಪ ಮುಂದಕ್ಕೆ ತರಬೇಕು: ಪಕ್ಕೆಲುಬುಗಳ ನಡುವಿನ ಮೆದು ಜಾಗಕ್ಕಿಂತ ಭುಜದ ಮೂಳೆಯ ಅಂಚಿಗೆ ಗುರಿಯಿಟ್ಟರೆ ತಾಮ್ರಕ್ಕೆ ಅರಳಲು ಬೇಕಾದ ಪ್ರತಿರೋಧ ಸಿಗುತ್ತದೆ, ಪ್ರಾಣಿ ನಿಂತಲ್ಲೇ ಕುಸಿಯುವುದೂ ಹೆಚ್ಚು. ಸೀಸದಂತೆ ಸುತ್ತಲಿನ ಮಾಂಸವನ್ನು ರಕ್ತಗಟ್ಟಿಸಿ ಕೆಡಿಸುವುದಿಲ್ಲವಾದ್ದರಿಂದ ಮುಂಗಾಲಿನ ಮಾಂಸ ಹೆಚ್ಚು ವ್ಯರ್ಥವಾಗುವುದೂ ಇಲ್ಲ.

ಕೈಯಾರೆ ತೋಟಾ ತುಂಬುವವರ ಹೊಣೆ ಉಳಿದವರಿಗಿಂತ ಹೆಚ್ಚೆಂದು ನಾನು ಹೇಳುವುದು ಇದಕ್ಕೇ. ಹಾರಿಸಿದ ಹಿತ್ತಾಳೆಯ ಖಾಲಿ ಕೇಸನ್ನು ಅಚ್ಚಿಗೆ ಒತ್ತಿ ಮೂಲ ಅಳತೆಗೆ ತಂದು, ಮದ್ದಿಗೆ ಕಿಡಿ ಹೊತ್ತಿಸುವ ಹಳೆಯ ಕೇಪು ತೆಗೆದು ಹೊಸದನ್ನು ಕೂರಿಸಿ, ಮದ್ದನ್ನು ಗ್ರೇನಿನ ಹತ್ತನೇ ಒಂದು ಭಾಗದವರೆಗೆ ತೂಗಿ ಹಾಕಿ, ಕೊನೆಗೆ ಗುಂಡನ್ನು ಇಷ್ಟೇ ಆಳಕ್ಕೆ ಎಂದು ಅಳೆದು ಕೂರಿಸುವ ಈ ಕೆಲಸದಲ್ಲಿ ಪ್ರತಿಯೊಂದು ಆಯ್ಕೆಯೂ ತುಂಬುವವನ ಕೈಯಲ್ಲಿರುತ್ತದೆ. ಅಂಗಡಿಯ ಪೊಟ್ಟಣ ಕೊಳ್ಳುವವರಿಗೆ ಸಿಕ್ಕಿದ್ದೇ ಗತಿ. ಆದರೆ ಈ ಸ್ವಾತಂತ್ರ್ಯಕ್ಕೆ ಶಿಸ್ತು ಬೇಕು. ಸೀಸದ ಗುಂಡಿಗೆಂದು ಪ್ರಕಟವಾದ ಮದ್ದಿನ ಅಳತೆಯನ್ನು ಅದೇ ತೂಕದ ತಾಮ್ರದ ಗುಂಡಿಗೆ ಎಂದಿಗೂ ಬಳಸಬಾರದು. ತಾಮ್ರದ ಗುಂಡು ಉದ್ದವಾದ್ದರಿಂದ ಕೇಸಿನೊಳಗೆ ಹೆಚ್ಚು ಆಳಕ್ಕೆ ಇಳಿದು ಮದ್ದಿನ ಜಾಗವನ್ನು ಕಿರಿದು ಮಾಡುತ್ತದೆ, ಗಟ್ಟಿಯಾದ್ದರಿಂದ ನಳಿಗೆಯ ಗೆರೆಗಳಿಗೆ ಒಗ್ಗಲು ಹೆಚ್ಚು ಒತ್ತಡ ಬೇಡುತ್ತದೆ. .30-06 ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 60,000 ಪೌಂಡ್. ಅದು ಮೀರಿದರೆ ಒಡೆಯುವುದು ಹಾರಿಸುವವನ ಮುಖದ ಹತ್ತಿರವಿರುವ ಉಕ್ಕು. ಗುಂಡು ಮಾಡಿದ ಕಂಪನಿಯೇ ಆ ಗುಂಡಿಗೆಂದು ಪ್ರಕಟಿಸಿದ ಕೈಪಿಡಿಯನ್ನು ನೋಡಿ, ಅಲ್ಲಿನ ಆರಂಭದ ಅಳತೆಯಿಂದ ಶುರು ಮಾಡಿ ನಿಧಾನವಾಗಿ ಏರುವುದೊಂದೇ ಸರಿಯಾದ ದಾರಿ. ಗುಂಡನ್ನು ನಳಿಗೆಯ ಗೆರೆಗಳಿಗೆ ತಾಗುವಷ್ಟು ಮುಂದಕ್ಕೆ ಕೂರಿಸದೆ ಸ್ವಲ್ಪ ಹಿಂದಕ್ಕೆ ಬಿಟ್ಟರೆ ತಾಮ್ರದ ಗುಂಡುಗಳು ಸಾಮಾನ್ಯವಾಗಿ ಚೆನ್ನಾಗಿ ಗುರಿ ಮುಟ್ಟುತ್ತವೆ. ನಳಿಗೆಯಲ್ಲಿ ಹಳೆಯ ಗುಂಡುಗಳು ಬಿಟ್ಟುಹೋದ ಲೋಹದ ಕೊಳೆಯನ್ನು ಮೊದಲು ಚೊಕ್ಕಟವಾಗಿ ತೆಗೆಯಬೇಕು. ಗುರಿ ಕೂರುವುದಿಲ್ಲವೆಂಬ ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ.

ನಂಬಿಕೆ ಬಾರದವರು ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನುಗಳನ್ನು ಶೂಟಿಂಗ್ ರೇಂಜಿನಲ್ಲಿ ಸಾಲಾಗಿ ಇಟ್ಟು ಎರಡೂ ಬಗೆಯ ಗುಂಡುಗಳನ್ನು ಹಾರಿಸಿ, ಒಳಗೆ ಉಳಿದದ್ದನ್ನು ಆರಿಸಿ ತೂಗಿ ನೋಡಲಿ ಎಂದು ನಾನು ಗೆಳೆಯರಿಗೆ ಹೇಳುವುದುಂಟು. ಕ್ಯಾನಿನ ತಳದಲ್ಲಿ ಕುಳಿತ ಬೂದುಬಣ್ಣದ ಸೀಸದ ಪುಡಿಯನ್ನು ಕಣ್ಣಾರೆ ಕಂಡವರಿಗೆ ಹೆಚ್ಚಿನ ವಾದ ಬೇಕಾಗುವುದಿಲ್ಲ. ಬೆಲೆ ಹೆಚ್ಚೆಂಬ ದೂರು ಮಾತ್ರ ನಿಜ. ಆದರೆ ಒಂದು ಬೇಟೆಯ ಹಂಗಾಮಿನಲ್ಲಿ ಪ್ರಾಣಿಗೆ ಹಾರಿಸುವ ಗುಂಡುಗಳು ಎಷ್ಟು? ಪರವಾನಗಿ, ಪೆಟ್ರೋಲು, ಬೆಚ್ಚನೆಯ ಬಟ್ಟೆಗೆ ಆಗುವ ಖರ್ಚಿನ ಮುಂದೆ ಆ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ.

ಸರ್ಕಾರಗಳು ಏನು ಮಾಡಿವೆ ಎಂಬುದನ್ನೂ ಹೇಳಬೇಕು. ಕ್ಯಾಲಿಫೋರ್ನಿಯಾ 2007ರಲ್ಲಿ ಕಾಂಡರ್‌ಗಳಿರುವ ಪ್ರದೇಶಕ್ಕೆ, 2013ರಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವಂತೆ ಕಾಯ್ದೆ ಮಾಡಿ, 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ಬಳಸುವುದನ್ನು ಪೂರ್ತಿ ನಿಲ್ಲಿಸಿತು. ಅರಿಝೋನಾ ಬೇರೆ ದಾರಿ ಹಿಡಿದು, ಕಾಂಡರ್‌ಗಳಿರುವ ಕೈಬಾಬ್ ಪ್ರಸ್ಥಭೂಮಿಯ ಬೇಟೆಗಾರರಿಗೆ 2005ರಿಂದ ಸೀಸವಿಲ್ಲದ ತೋಟಾಗಳನ್ನು ಉಚಿತವಾಗಿ ಕೊಟ್ಟು ಮನವೊಲಿಸಿತು. ಅಲ್ಲಿ ಬಹುಪಾಲು ಬೇಟೆಗಾರರು ಸ್ವಇಚ್ಛೆಯಿಂದಲೇ ಸಹಕರಿಸುತ್ತಿದ್ದಾರೆ. ಡೆನ್ಮಾರ್ಕ್ ದೇಶ 1996ರಲ್ಲಿ ಸೀಸದ ಚರೆಯನ್ನು, 2024ರಲ್ಲಿ ಸೀಸದ ರೈಫಲ್ ಗುಂಡನ್ನು ನಿಷೇಧಿಸಿತು. ಬೇಟೆ ಅಲ್ಲಿ ಎಂದಿನಂತೆ ನಡೆದಿದೆ. ಬಾತುಕೋಳಿಗಳ ಬೇಟೆಗೆ ಸೀಸದ ಚರೆ ಅಮೆರಿಕದಾದ್ಯಂತ 1991ರಿಂದಲೇ ನಿಷಿದ್ಧ. ಆಗಲೂ ಉಕ್ಕಿನ ಚರೆಯಿಂದ ಕೋವಿ ಕೆಡುತ್ತದೆ, ಹಕ್ಕಿ ಬೀಳುವುದಿಲ್ಲ ಎಂಬ ಇವೇ ಮಾತುಗಳು ಕೇಳಿಬಂದಿದ್ದವು. ಕಾಯ್ದೆಯೊಂದೇ ಸಾಲದು ಎಂಬುದೂ ನಿಜ. ಕ್ಯಾಲಿಫೋರ್ನಿಯಾದಲ್ಲಿ ನಿಷೇಧದ ನಂತರವೂ ಕಾಂಡರ್‌ಗಳ ರಕ್ತದಲ್ಲಿ ಸೀಸ ಸಿಗುತ್ತಲೇ ಇದೆ. ನನ್ನ ಅಭಿಪ್ರಾಯದಲ್ಲಿ ಅರಿಝೋನಾದ ಮನವೊಲಿಕೆ ಮೊದಲು ಬೇಕು, ಕಾಯ್ದೆ ಅದರ ಬೆನ್ನಿಗೆ ಬರಬೇಕು. ನಮ್ಮ ಮಿನ್ನೆಸೋಟದಲ್ಲಿ ಇವೆರಡೂ ಇನ್ನೂ ಸಾಕಷ್ಟು ಆಗಿಲ್ಲವೆಂಬುದು ನನಗೆ ನೋವಿನ ಸಂಗತಿ.

ಇದೆಲ್ಲ ದೂರದ ದೇಶದ ಮಾತು, ಕರ್ನಾಟಕಕ್ಕೆ ಇದರಿಂದೇನು ಎಂದು ಕೆಲವು ಓದುಗರಿಗೆ ಅನ್ನಿಸಬಹುದು. ಎರಡು ವಿಷಯಗಳನ್ನು ಅವರ ಗಮನಕ್ಕೆ ತರಬಯಸುತ್ತೇನೆ.

ಮೊದಲನೆಯದು ಬೆಳೆ ಹಾಳುಮಾಡುವ ಕಾಡುಹಂದಿಗಳದ್ದು. ಬೇಟೆ ನಿಷಿದ್ಧವಾದರೂ, ಕಾಯ್ದೆಯ ಚೌಕಟ್ಟಿನಲ್ಲೇ ಪ್ರಾಣಿಗಳನ್ನು ಗುಂಡಿಕ್ಕಿ ಕೊಲ್ಲಲು ಸರ್ಕಾರ ಅನುಮತಿ ಕೊಡುವ ಸಂದರ್ಭಗಳು ದೇಶದಲ್ಲಿ ಹೆಚ್ಚುತ್ತಿವೆ. ಬಿಹಾರದಲ್ಲಿ 2016ರಲ್ಲಿ ನೀಲಗಾಯಿಗಳನ್ನು ಹೊರಗಿನಿಂದ ಕರೆಸಿದ ಗುರಿಕಾರರಿಂದ ಕೊಲ್ಲಿಸಿದ್ದನ್ನು ಓದುಗರು ಮರೆತಿರಲಾರರು. ನೆರೆಯ ಕೇರಳ 2022ರಲ್ಲಿ ಕಾಡುಹಂದಿಯನ್ನು ಕೊಲ್ಲಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಕೊಟ್ಟಿದೆ. ಮಲೆನಾಡಿನ ಕಾಫಿ, ಭತ್ತದ ಬೆಳೆಗಾರರೂ ಇಂಥದ್ದೇ ಕ್ರಮವನ್ನು ಕೇಳುತ್ತಿದ್ದಾರೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳ ಅವಧಿಗೆ ಮುಂದುವರಿಸಿದೆ. ಅಂದರೆ ಕೋವಿ ಬಲ್ಲವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಹೀಗಿರುವಾಗ ಯಾರು, ಎಲ್ಲಿ, ಎಷ್ಟು ಪ್ರಾಣಿಗಳನ್ನು ಕೊಲ್ಲಬಹುದು ಎಂಬುದರ ಜೊತೆಗೆ ಯಾವ ಗುಂಡಿನಿಂದ ಎಂಬುದನ್ನೂ ಆದೇಶದಲ್ಲಿ ಬರೆಯಬೇಕು. ತೋಟಾಕೋವಿಯ ಸಣ್ಣ ಚರೆಯಿಂದ ದಪ್ಪ ಚರ್ಮದ ಹಂದಿಗೆ ಹೊಡೆದರೆ ಅದು ಸಾಯುವುದಿಲ್ಲ, ಗಾಯಗೊಂಡು ಕಾಡು ಸೇರುತ್ತದೆ. ಹೀಗೆ ಗಾಯಗೊಂಡದ್ದು ಮನುಷ್ಯರ ಮೇಲೆ ಎರಗುವ ಅಪಾಯ ಒಂದು. ಮೈತುಂಬ ಸೀಸ ಹೊತ್ತು ಕಾಡಿನಲ್ಲಿ ಸತ್ತು, ಹದ್ದು, ನರಿ, ಚಿರತೆಗಳಿಗೆ ಆಹಾರವಾಗುವ ಅಪಾಯ ಇನ್ನೊಂದು. ಕೊಂದ ಪ್ರಾಣಿಯನ್ನು ಹೂಳಬೇಕೆಂದು ನಿಯಮ ಮಾಡಿದರೂ ತಪ್ಪಿಸಿಕೊಂಡು ಹೋದದ್ದನ್ನು ಹೂಳುವವರು ಯಾರು?

ಎರಡನೆಯದು ನಮ್ಮ ರಣಹದ್ದುಗಳದ್ದು. ಭಾರತದ ರಣಹದ್ದುಗಳನ್ನು ನಾಶ ಮಾಡಿದ್ದು ಸೀಸವಲ್ಲ, ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ. ಸತ್ತ ದನದ ಮಾಂಸದ ಮೂಲಕ ಹೊಟ್ಟೆ ಸೇರಿ ಅದು ಹಕ್ಕಿಗಳ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ದನಗಳಿಗೆ ಚಿಕಿತ್ಸೆಯೇ ಬೇಡವೆಂದು ಆಗ ಯಾರೂ ಹೇಳಲಿಲ್ಲ, ಮೆಲಾಕ್ಸಿಕಾಮ್ ಎಂಬ ಬೇರೆ ಔಷಧವನ್ನು ತೋರಿಸಿದರು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದ ಮೇಲೂ ಅಲ್ಲಿ ಉಳಿದಿರುವ ಹಕ್ಕಿಗಳು ಕೆಲವೇ ಕೆಲವು. ಇಷ್ಟು ಕಷ್ಟದಲ್ಲಿ ಉಳಿದಿರುವ ಹಕ್ಕಿಗಳ ಆಹಾರಕ್ಕೆ ಸೀಸವೆಂಬ ಇನ್ನೊಂದು ವಿಷ ಸೇರಬಾರದು. ಕಾಡುಪ್ರಾಣಿ ಹತ್ಯೆಯ ಅನುಮತಿಗಳು ಹೆಚ್ಚಾಗುವ ಮೊದಲೇ ಸೀಸವಿಲ್ಲದ ಗುಂಡಿನ ಷರತ್ತನ್ನು ಸೇರಿಸುವುದು ಈಗ ಸುಲಭ, ಆಮೇಲೆ ಕಷ್ಟ.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಗೂ ಒಂದು ಮಾತು ಹೇಳಬೇಕಾಗಿದೆ. ನೆರೆಹೊರೆಯವರೋ ಸಹೋದ್ಯೋಗಿಗಳೋ ಪ್ರೀತಿಯಿಂದ ಕೊಡುವ ಜಿಂಕೆಯ ಮಾಂಸ ಈಗ ನಮ್ಮವರ ಎಷ್ಟೋ ಮನೆಗಳ ಫ್ರೀಜರಿನಲ್ಲಿದೆ, ಮತ್ತು ಕೊಟ್ಟವರನ್ನು ಯಾವ ಗುಂಡು ಬಳಸಿದಿರಿ ಎಂದು ಕೇಳಲು ನಮ್ಮವರು ಸಂಕೋಚಪಡುತ್ತಾರೆ. ಸಂಕೋಚ ಬೇಡ. ಉತ್ತರ ಡಕೋಟ ರಾಜ್ಯದಲ್ಲಿ 2008ರಲ್ಲಿ 736 ಜನರ ರಕ್ತ ಪರೀಕ್ಷಿಸಿದಾಗ ಬೇಟೆಯ ಮಾಂಸ ತಿನ್ನುವವರ ರಕ್ತದಲ್ಲಿ ಸೀಸ ಸ್ವಲ್ಪ ಹೆಚ್ಚಾಗಿಯೇ ಇತ್ತು. ದೊಡ್ಡವರಿಗೆ ಆ ಏರಿಕೆ ಚಿಕ್ಕದೆನಿಸಬಹುದು, ಆದರೆ ಬೆಳೆಯುವ ಮಕ್ಕಳ ಮಿದುಳಿಗೆ ಸೀಸದ ಇಷ್ಟು ಪ್ರಮಾಣ ಸುರಕ್ಷಿತ ಎಂಬ ಮಿತಿಯೇ ಇಲ್ಲ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಸೀಸದ ಗುಂಡಿನಿಂದ ಹೊಡೆದ ಜಿಂಕೆಯ ಕೊಚ್ಚಿದ ಮಾಂಸವನ್ನು ಮಕ್ಕಳಿಗೂ ಬಸುರಿಯರಿಗೂ ಬಡಿಸಬೇಡಿ. ಚೂರುಗಳು ಹೆಚ್ಚು ಸೇರಿಕೊಳ್ಳುವುದು ಅದರಲ್ಲೇ. ಹಿಂಗಾಲಿನ ಇಡೀ ತುಂಡುಗಳು ಹೆಚ್ಚು ಕ್ಷೇಮ. ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಎಸೆಯಬೇಕು. ತೊಳೆಯುವುದರಿಂದ ಪ್ರಯೋಜನವಿಲ್ಲ, ನೀರಿನೊಂದಿಗೆ ಚೂರುಗಳು ಇನ್ನಷ್ಟು ಹರಡುತ್ತವೆ. ಹುಣಸೆಹುಳಿ, ವಿನೆಗರ್‌ಗಳಂಥ ಹುಳಿ ಹಾಕಿ ಬೇಯಿಸಿದರೆ ಸೀಸ ಕರಗುವುದು ಹೆಚ್ಚುತ್ತದೆ. ಪಂದಿ ಕರಿಯ ರೀತಿಯಲ್ಲಿ ಕಾಚಂಪುಳಿ ಹಾಕಿ ಜಿಂಕೆಯ ಮಾಂಸ ಬೇಯಿಸುವ ನಮ್ಮ ಕಡೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಕೊನೆಯದಾಗಿ ತಮ್ಮಲ್ಲಿ ಎರಡು ವಿನಂತಿಗಳು. ಕಾಂಡರ್‌ಗಳ ಸಾವಿಗೆ ಮುಖ್ಯ ಕಾರಣ ಸೀಸದ ಗುಂಡಿನ ಚೂರುಗಳೆಂಬ ಸ್ಪಷ್ಟನೆಯನ್ನು ಅದೇ ಪುರವಣಿಯ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕು. ಜೊತೆಗೆ, ಕಾಡುಹಂದಿ ಹತ್ಯೆಗೆ ಅನುಮತಿ ನೀಡುವ ಆದೇಶಗಳಲ್ಲಿ ಗುಂಡಿನ ಬಗೆಯನ್ನು ನಮೂದಿಸುವ ಆಲೋಚನೆ ಇದೆಯೇ ಎಂದು ತಮ್ಮ ವರದಿಗಾರರ ಮೂಲಕ ರಾಜ್ಯದ ಅರಣ್ಯ ಇಲಾಖೆಯನ್ನು ಕೇಳಿ, ಅವರ ಉತ್ತರವನ್ನು ಓದುಗರಿಗೆ ತಲುಪಿಸಬೇಕು.

ಇತಿ,
ತಮ್ಮ ಪತ್ರಿಕೆಯ ಬಹುಕಾಲದ ಓದುಗ,
ಮಿನ್ನೆಸೋಟ, ಅಮೆರಿಕ